ಸೆರಾಮಿಕ್ ಸೂಪರ್‌ಕಂಡಕ್ಟರ್‌ನಲ್ಲಿ ಕರೆಂಟ್ ಎಲ್ಲಿ ತಡೆಯುತ್ತದೆ? ಬಿಲ್ಲೆ ಸುಡುವುದರಿಂದ ಅಳೆಯುವವರೆಗೆ

ಕರಿ ಬಿಲ್ಲೆಯೊಂದನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ, ಅದರ ಮೇಲೆ ಪುಟ್ಟ ಅಯಸ್ಕಾಂತ ತೇಲುವುದನ್ನು ಮೊದಲ ಸಲ ನೋಡಿದಾಗ ಆಗುವ ಖುಷಿಯೇ ಬೇರೆ. ನನಗೂ ಆಗಿತ್ತು. ಮರುದಿನ ಅದೇ ಬಿಲ್ಲೆಯಿಂದ ಒಂದು ಸಣ್ಣ ಕಡ್ಡಿ ಕೊಯ್ದು, ನಾಲ್ಕು ತಂತಿ ಅಂಟಿಸಿ, ಕರೆಂಟ್ ಹರಿಸಿದೆ. ಸೂಪರ್‌ಕಂಡಕ್ಟರ್ ಅಂದರೆ ತಂಪಾದಾಗ ತಡೆಯೇ ಇಲ್ಲದೆ ಕರೆಂಟ್ ಒಯ್ಯುವ ವಸ್ತು, ವೋಲ್ಟೇಜ್ ಸೊನ್ನೆ ಇರಬೇಕು. ಆದರೆ ಎರಡು ಆಂಪಿಯರ್ ಮುಟ್ಟುವ ಹೊತ್ತಿಗೆ ವೋಲ್ಟೇಜ್ ಎದ್ದುಬಿಟ್ಟಿತು. ಅಯಸ್ಕಾಂತವನ್ನು ಅಷ್ಟು ಚೆನ್ನಾಗಿ ಹಿಡಿದಿದ್ದ ವಸ್ತು ಇಷ್ಟು ಕಡಿಮೆ ಕರೆಂಟಿಗೆ ಸೋಲುವುದು ಯಾಕೆ?

ಉತ್ತರ ಬಿಲ್ಲೆಯ ಒಳರಚನೆಯಲ್ಲಿದೆ. ಈ ಬರಹ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರಿಗೆ, ಸೆರಾಮಿಕ್ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ. ಬಿಲ್ಲೆ ಮಾಡಿ, ಅದರ ಒಳಗನ್ನು ನೋಡಿ, ಕರೆಂಟ್ ಅಳೆದು, ತಡೆ ಎಲ್ಲಿದೆ ಅಂತ ನೀವೇ ಹುಡುಕುವ ದಾರಿ ಇದು.

ಶುರು ಮಾಡುವ ಮುನ್ನ: ಒಳಗೆ ಹರಿಯುವ ಕರೆಂಟ್ ಎರಡು ಥರ

ನಾವು ಮಾಡುವ ವಸ್ತು ಯಿಟ್ರಿಯಮ್, ಬೇರಿಯಮ್, ತಾಮ್ರ ಸೇರಿದ ಆಕ್ಸೈಡ್. ಲ್ಯಾಬಿನಲ್ಲಿ ವೈಬಿಸಿಒ ಅಂತಾರೆ. ಮೂರೂ ಲೋಹಗಳು 1, 2, 3ರ ಲೆಕ್ಕದಲ್ಲಿ ಇರುವುದರಿಂದ ‘ಒನ್-ಟು-ತ್ರೀ’ ಅಂತಲೂ ಕರೆಯುತ್ತಾರೆ. 1986ರಲ್ಲಿ ಜ್ಯೂರಿಕ್ ಹತ್ತಿರದ ಐಬಿಎಂ ಲ್ಯಾಬಿನಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಈ ಜಾತಿಯ ಆಕ್ಸೈಡ್‌ಗಳ ಬಾಗಿಲು ತೆರೆದರು. 1987ರಲ್ಲಿ ಅಮೆರಿಕದಲ್ಲಿ ಪಾಲ್ ಚು, ಎಂ.ಕೆ. ವು ತಂಡಗಳು ವೈಬಿಸಿಒ ಸುಮಾರು 93 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆಂದು ತೋರಿಸಿದವು. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ಹಾಗಾಗಿ ಸಾಮಾನ್ಯ ಕಾಲೇಜು ಲ್ಯಾಬಿಗೂ ಇದು ಎಟುಕಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಈ ವಸ್ತುವನ್ನು ಶುದ್ಧವಾಗಿ ಮಾಡಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು.

ಬಿಲ್ಲೆ ಬರಿಗಣ್ಣಿಗೆ ಒಂದೇ ಕಲ್ಲಿನ ಹಾಗೆ ಕಾಣುತ್ತದೆ. ಆದರೆ ಅದು ಎಳ್ಳುಂಡೆಯ ಥರ. ಲಕ್ಷಾಂತರ ಪುಟ್ಟ ಹರಳುಗಳು ಒಂದಕ್ಕೊಂದು ಅಂಟಿ ಕೂತಿವೆ. ಒಂದೊಂದು ಹರಳು 5ರಿಂದ 20 ಮೈಕ್ರಾನ್ ಇರಬಹುದು. ಪ್ರತಿ ಹರಳಿನ ಒಳಗೇ ಸುತ್ತುವ ಕರೆಂಟ್ ಒಂದು ಥರ. ಹರಳಿಂದ ಹರಳಿಗೆ ದಾಟಿ ಬಿಲ್ಲೆಯ ಈ ತುದಿಯಿಂದ ಆ ತುದಿಗೆ ಹೋಗುವ ಕರೆಂಟ್ ಇನ್ನೊಂದು ಥರ. ಅಯಸ್ಕಾಂತ ತೇಲಲು ಮೊದಲನೆಯದೇ ಸಾಕು. ತಂತಿಯಾಗಿ ಬಳಸಬೇಕಾದರೆ ಎರಡನೆಯದು ಬೇಕು. ತೇಲಿದ್ದನ್ನು ನೋಡಿ ‘ಬಿಲ್ಲೆ ಚೆನ್ನಾಗಿದೆ’ ಅಂತ ತೀರ್ಮಾನಿಸಬೇಡಿ. ಹರಳು ಚೆನ್ನಾಗಿದೆ, ಅಷ್ಟೇ.

ಹಂತ 1: ಪುಡಿ ತೂಗಿ, ಅರೆದು, ಸುಡುವುದು

10 ಗ್ರಾಂ ವೈಬಿಸಿಒಗೆ ಬೇಕಾದದ್ದು ಇಷ್ಟು: ಯಿಟ್ರಿಯಮ್ ಆಕ್ಸೈಡ್ 1.695 ಗ್ರಾಂ, ಬೇರಿಯಮ್ ಕಾರ್ಬೊನೇಟ್ 5.924 ಗ್ರಾಂ, ತಾಮ್ರದ ಆಕ್ಸೈಡ್ 3.582 ಗ್ರಾಂ. ಒಟ್ಟು 11.2 ಗ್ರಾಂ ಆಯಿತಲ್ವಾ? ಹೆಚ್ಚಿನ ತೂಕ ಸುಡುವಾಗ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಬೇರಿಯಮ್ ಕಾರ್ಬೊನೇಟ್ ವಿಷ. ಗ್ಲೌಸ್, ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಅಗೇಟ್ ಕುಟ್ಟಾಣಿಯಲ್ಲಿ ಕನಿಷ್ಠ ಅರ್ಧ ಗಂಟೆ ಅರೆಯಿರಿ. ಮೊದಲು ಬಿಳಿ ಮತ್ತು ಕಪ್ಪು ಬೇರೆ ಬೇರೆ ಕಾಣುತ್ತವೆ. ಕೊನೆಗೆ ಎಲ್ಲೂ ಬಿಳಿ ಚುಕ್ಕೆ ಇಲ್ಲದ ಒಂದೇ ಬೂದು ಬಣ್ಣ ಬರಬೇಕು. ಅದೇ ಹದ. ಅಲ್ಯುಮಿನಾ ದೋಣಿಯಲ್ಲಿ ಹಾಕಿ 900ರಿಂದ 930 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ಗಂಟೆ ಸುಡಿ. ತೆಗೆದು ಮತ್ತೆ ಅರೆಯಿರಿ, ಮತ್ತೆ ಸುಡಿ. ಇದನ್ನು ಎರಡು ಮೂರು ಸಲ ಮಾಡಬೇಕು. ಬೇಸರ ಬಂದು ಒಂದೇ ಸಲಕ್ಕೆ ನಿಲ್ಲಿಸಿದರೆ ಕಾರ್ಬೊನೇಟ್ ಪೂರ್ತಿ ಒಡೆಯದೆ ಉಳಿಯುತ್ತದೆ. ಉಳಿದದ್ದು ಹೋಗಿ ಕೂರುವುದು ಹರಳುಗಳ ನಡುವಿನ ಗಡಿಯಲ್ಲೇ. ಕರೆಂಟ್ ದಾಟಬೇಕಾದ ಜಾಗದಲ್ಲೇ ಕಸ ಕೂತ ಹಾಗಾಗುತ್ತದೆ.

ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ. 930ರಿಂದ 950 ಡಿಗ್ರಿಯಲ್ಲಿ ಸುಡಿ. ಇಲ್ಲಿ ಆಸೆ ಪಡಬಾರದು. ಉಷ್ಣತೆ ಜಾಸ್ತಿಯಾದಷ್ಟೂ ಬಿಲ್ಲೆ ಗಟ್ಟಿಯಾಗುತ್ತದೆ ನಿಜ. ಆದರೆ ಬೇರಿಯಮ್ ಮತ್ತು ತಾಮ್ರ ಸೇರಿದ ಒಂದು ದ್ರವ ಹುಟ್ಟಿ ಹರಳಂಚುಗಳಿಗೆ ನುಗ್ಗುತ್ತದೆ. ತಣ್ಣಗಾದ ಮೇಲೆ ಅದು ಅಲ್ಲೇ ಗಟ್ಟಿಯಾಗಿ ಗೋಡೆ ಕಟ್ಟುತ್ತದೆ. ಜೊತೆಗೆ ಹರಳುಗಳು ಬಹಳ ದೊಡ್ಡದಾಗಿ ಬೆಳೆದರೆ ಸಣ್ಣ ಬಿರುಕುಗಳೂ ಬರುತ್ತವೆ. ಯಾಕೆಂದರೆ ಈ ಹರಳು ಮೂರು ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಪಕ್ಕಪಕ್ಕದ ಹರಳುಗಳು ಬೇರೆ ಬೇರೆ ಕಡೆಗೆ ಎಳೆದು ಗಡಿ ಸೀಳುತ್ತದೆ.

ಸಾಂದ್ರತೆ ನೋಡುವುದು ಸುಲಭ. 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಬಿಲ್ಲೆ ತೂತೇ ಇಲ್ಲದಿದ್ದರೆ ಸುಮಾರು 1.5 ಗ್ರಾಂ ತೂಗಬೇಕು. ನಿಮ್ಮದು 1.28 ಗ್ರಾಂ ತೂಗಿದರೆ ಶೇ. 85ರಷ್ಟು ತುಂಬಿದೆ ಅಂತ ಅರ್ಥ. ಇದು ಒಳ್ಳೆಯ ಬಿಲ್ಲೆ.

ಹಂತ 2: ಆಕ್ಸಿಜನ್ ಉಣಿಸುವುದು

ಕುಲುಮೆಯಿಂದ ಬಿಸಿ ಬಿಸಿ ತೆಗೆದ ಬಿಲ್ಲೆ ಸೂಪರ್‌ಕಂಡಕ್ಟರ್ ಅಲ್ಲ. ಅಷ್ಟು ಶಾಖದಲ್ಲಿ ಒಂದು ಯಿಟ್ರಿಯಮ್ ಪರಮಾಣುವಿಗೆ ಇರುವ ಆಕ್ಸಿಜನ್ ಪರಮಾಣುಗಳ ಲೆಕ್ಕ 7ರಿಂದ 6ರ ಕಡೆಗೆ ಇಳಿದಿರುತ್ತದೆ. 6.35ಕ್ಕಿಂತ ಕೆಳಗೆ ಸೂಪರ್‌ಕಂಡಕ್ಟಿಂಗ್ ಗುಣವೇ ಇಲ್ಲ. 6.6ರ ಸುತ್ತಮುತ್ತ 60 ಕೆಲ್ವಿನ್‌ಗೆ ಮಾತ್ರ ಬರುತ್ತದೆ, ಅಂದರೆ ಸಾರಜನಕದಲ್ಲಿ ಮುಳುಗಿಸಿದರೂ ಪ್ರಯೋಜನವಿಲ್ಲ. 6.9 ದಾಟಿದ ಮೇಲೆ 90 ಕೆಲ್ವಿನ್ ಸಿಗುತ್ತದೆ.

ಅದಕ್ಕೇ ಆಕ್ಸಿಜನ್ ಹರಿಸುತ್ತಾ ನಿಧಾನವಾಗಿ ತಣ್ಣಗೆ ಮಾಡಬೇಕು. 450 ಡಿಗ್ರಿ ಆಸುಪಾಸಿನಲ್ಲಿ ಒಂದು ದಿನ ಪೂರ್ತಿ ಬಿಡಿ. ಇಲ್ಲೊಂದು ಸೂಕ್ಷ್ಮ ಇದೆ. ಬಿಲ್ಲೆಯಲ್ಲಿ ಪರಸ್ಪರ ಸೇರಿದ ಸಣ್ಣ ತೂತುಗಳಿದ್ದರೆ ಆಕ್ಸಿಜನ್ ಅವುಗಳ ಮೂಲಕ ಒಳಗೆ ಹೋಗುತ್ತದೆ. ಪೂರ್ತಿ ಗಟ್ಟಿಯಾದ ಬಿಲ್ಲೆಯಲ್ಲಿ ಹೊರಗಿನ ಪದರಕ್ಕೆ ಸಿಕ್ಕಿ ಒಳಗೆ ಹಸಿವು ಉಳಿಯುತ್ತದೆ. ತೂತನ್ನು ಶತ್ರು ಅಂತ ಮಾತ್ರ ನೋಡಬೇಡಿ.

ಕರೆಂಟ್ ಹರಿಸುವ ಎರಡು ತುದಿಗೆ ಹಚ್ಚುವ ಬೆಳ್ಳಿ ಪೇಸ್ಟನ್ನು ಈ ಹಂತಕ್ಕೆ ಮುಂಚೆಯೇ ಹಚ್ಚಿಬಿಡಿ. ಆಕ್ಸಿಜನ್‌ನಲ್ಲಿ ಕಾದ ಬೆಳ್ಳಿ ಬಿಲ್ಲೆಗೆ ಚೆನ್ನಾಗಿ ಹತ್ತುತ್ತದೆ. ಮುಂದೆ ಅಳೆಯುವಾಗ ಇದರ ಬೆಲೆ ಗೊತ್ತಾಗುತ್ತದೆ.

ಹಂತ 3: ಒಳಗನ್ನು ಕಣ್ಣಾರೆ ನೋಡುವುದು

ಇದು ನನಗೆ ಬಹಳ ಇಷ್ಟವಾದ ಕೆಲಸ. ಬಿಲ್ಲೆಯ ಒಂದು ತುಂಡನ್ನು ಎಮರಿ ಪೇಪರಿನಲ್ಲಿ ಉಜ್ಜಿ, ವಜ್ರದ ಪೇಸ್ಟಿನಲ್ಲಿ ಕನ್ನಡಿಯ ಹಾಗೆ ಹೊಳಪು ಮಾಡಬೇಕು. ಉಜ್ಜಲು ನೀರು ಬಳಸಬೇಡಿ, ಆಲ್ಕೋಹಾಲ್ ಇಲ್ಲವೇ ಎಣ್ಣೆ ಬಳಸಿ. ನಾನು ಒಂದು ಮಳೆಗಾಲದಲ್ಲಿ ಅಭ್ಯಾಸಬಲದಿಂದ ನೀರು ಹಾಕಿ ಉಜ್ಜಿದೆ. ಸಂಜೆ ಹೊಳೆಯುತ್ತಿದ್ದ ಮುಖ ಬೆಳಗ್ಗೆ ಬೂದಿ ಎರಚಿದ ಹಾಗೆ ಮಂಕಾಗಿತ್ತು. ವೈಬಿಸಿಒ ನೀರಿನ ಜೊತೆ ಸೇರಿ ಒಡೆಯುತ್ತದೆ. ಬೇರಿಯಮ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಾರ್ಬೊನೇಟ್ ಆಗುತ್ತದೆ. ಮೂರು ದಿನದ ಕೆಲಸ ಹೋಯಿತು.

ಪೋಲರೈಸ್ಡ್ ಬೆಳಕಿನ ಮೈಕ್ರೋಸ್ಕೋಪ್ ಇದ್ದರೆ ಸಾಕು, ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಸರದಿ ಕಾಯಬೇಕಿಲ್ಲ. ಸ್ಟೇಜ್ ತಿರುಗಿಸುತ್ತಾ ಹೋಗಿ. ಒಂದು ಹರಳು ಬೆಳಗುತ್ತದೆ, ಪಕ್ಕದ್ದು ಕಪ್ಪಾಗುತ್ತದೆ. ಇನ್ನೂ ತಿರುಗಿಸಿದರೆ ಅದಲು ಬದಲು. ಅಂದರೆ ಒಂದೊಂದು ಹರಳೂ ಒಂದೊಂದು ಕಡೆಗೆ ಮುಖ ಮಾಡಿ ಕೂತಿದೆ. ಈ ದೃಶ್ಯವನ್ನು ಮರೆಯಬೇಡಿ, ಕರೆಂಟಿನ ಕಥೆಯೆಲ್ಲ ಇಲ್ಲೇ ಇದೆ.

ಹರಳುಗಳ ಒಳಗೆ ಬಾಚಣಿಗೆ ಹಲ್ಲಿನಂಥ ಸಮಾನಾಂತರ ಗೆರೆಗಳು ಕಾಣಬೇಕು. ಇವು ಅವಳಿ ಗೆರೆಗಳು, ಲ್ಯಾಬಿನ ಮಾತಿನಲ್ಲಿ ಟ್ವಿನ್ಸ್. ಆಕ್ಸಿಜನ್ ಒಳಹೋಗಿ ಹರಳಿನ ಚೌಕ ಆಕಾರ ಸ್ವಲ್ಪ ಉದ್ದುದ್ದವಾದಾಗ, ಆ ಒತ್ತಡ ತಾಳಲು ಹರಳು ಹೀಗೆ ಪಟ್ಟಿ ಪಟ್ಟಿಯಾಗುತ್ತದೆ. ಗೆರೆ ಕಾಣದ ಹರಳು ಜಾಸ್ತಿ ಇದ್ದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ. ಕಪ್ಪು ಕುಳಿಗಳೆಲ್ಲ ತೂತುಗಳು. ಹರಳುಗಳ ನಡುವೆ ಬೇರೆ ಬಣ್ಣದ ತೇಪೆ ಇದ್ದರೆ ಅದು ಬೇರಿಯಮ್-ತಾಮ್ರದ ಕಸ ಅಥವಾ ಪ್ರತಿಕ್ರಿಯಿಸದೆ ಉಳಿದ ತಾಮ್ರದ ಆಕ್ಸೈಡ್. ತೇಪೆ ಮೂರು ಹರಳು ಸೇರುವ ಮೂಲೆಯಲ್ಲಿ ಮಾತ್ರ ಇದ್ದರೆ ಹಾನಿ ಕಡಿಮೆ. ಗಡಿಯುದ್ದಕ್ಕೂ ತೆಳ್ಳಗೆ ಹರಡಿದ್ದರೆ ಆ ಬಿಲ್ಲೆಯಿಂದ ಜಾಸ್ತಿ ನಿರೀಕ್ಷಿಸಬೇಡಿ.

ಹಂತ 4: ಕರೆಂಟ್ ಅಳೆಯುವುದು

ಬಿಲ್ಲೆಯಿಂದ ಕಡ್ಡಿ ಕೊಯ್ದು, ನಡುವಿನ ಭಾಗವನ್ನು 1 ಮಿ.ಮೀ. ಅಗಲ, 1 ಮಿ.ಮೀ. ದಪ್ಪಕ್ಕೆ ಉಜ್ಜಿ ಸಣ್ಣ ಮಾಡಿ. ಅಡ್ಡಕೊಯ್ತ 0.01 ಚದರ ಸೆಂ.ಮೀ. ಆಗುತ್ತದೆ. ಹೊರಗಿನ ಎರಡು ತಂತಿಗೆ ಕರೆಂಟ್, ಒಳಗಿನ ಎರಡು ತಂತಿಗೆ ವೋಲ್ಟ್‌ಮೀಟರ್. ಸಾರಜನಕದಲ್ಲಿ ಇಳಿಸುವಾಗ ನಿಧಾನ. ದಿಢೀರ್ ಮುಳುಗಿಸಿದರೆ ಕಡ್ಡಿ ಬಿರುಕು ಬಿಡಬಹುದು. ಕಿಟಕಿ ತೆರೆದಿರಲಿ.

ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಪ್ರತಿ ಹೆಜ್ಜೆಯಲ್ಲೂ ದಿಕ್ಕು ತಿರುಗಿಸಿ ಎರಡು ಸಲ ಓದಿ. ಎರಡರ ವ್ಯತ್ಯಾಸದ ಅರ್ಧ ತೆಗೆದುಕೊಂಡರೆ ತಂತಿಗಳ ಶಾಖದಿಂದ ಬರುವ ಸುಳ್ಳು ವೋಲ್ಟೇಜ್ ಹೋಗುತ್ತದೆ. ವೋಲ್ಟ್‌ಮೀಟರ್ ತಂತಿಗಳ ನಡುವೆ ಪ್ರತಿ ಸೆಂ.ಮೀ.ಗೆ 1 ಮೈಕ್ರೋವೋಲ್ಟ್ ಬಂದ ಕರೆಂಟೇ ಮಿತಿ. ಅದು 2 ಆಂಪಿಯರ್ ಆದರೆ, 0.01ರಿಂದ ಭಾಗಿಸಿ: ಚದರ ಸೆಂ.ಮೀ.ಗೆ 200 ಆಂಪಿಯರ್. ಸುಟ್ಟು ಮಾಡಿದ ಸಾಧಾರಣ ಬಿಲ್ಲೆಗಳು 100ರಿಂದ 1000ದ ನಡುವೆ ಬರುತ್ತವೆ.

ತುದಿಯ ಸಂಪರ್ಕದ ಹತ್ತಿರ ಗುಳ್ಳೆ ಏಳುತ್ತಿದ್ದರೆ ಅಳತೆ ನಂಬಬೇಡಿ. ಬೆಳ್ಳಿ ಸರಿಯಾಗಿ ಹತ್ತದೆ ಅಲ್ಲಿ ಬಿಸಿಯಾಗುತ್ತಿದೆ, ಆ ಶಾಖ ಕಡ್ಡಿಗೂ ಹರಿಯುತ್ತಿದೆ.

ಹಂತ 5: ತಪ್ಪು ಯಾರದ್ದು ಅಂತ ಪತ್ತೆ ಮಾಡುವುದು

ಈಗ ಹೋಲಿಸಿ. ಒಂದೇ ದಿಕ್ಕಿಗೆ ಮುಖ ಮಾಡಿ ಬೆಳೆದ ವೈಬಿಸಿಒ ತೆಳುಪದರದಲ್ಲಿ ಇದೇ 77 ಕೆಲ್ವಿನ್‌ನಲ್ಲಿ ಚದರ ಸೆಂ.ಮೀ.ಗೆ 10 ಲಕ್ಷ ಆಂಪಿಯರ್ ದಾಟುತ್ತದೆ. ನಿಮ್ಮ ಬಿಲ್ಲೆ 200ಕ್ಕೆ ನಿಂತಿತು. ಸಾವಿರಾರು ಪಟ್ಟು ವ್ಯತ್ಯಾಸ! ಹೊಸಬರೆಲ್ಲ ಮೊದಲು ದೂರುವುದು ತೂತನ್ನು. ಯೋಚಿಸಿ: ಶೇ. 15ರಷ್ಟು ತೂತಿದ್ದರೆ ದಾರಿ ಸ್ವಲ್ಪ ಕಿರಿದಾಗುತ್ತದೆ, ಸ್ವಲ್ಪ ಸುತ್ತುಬಳಸು ಆಗುತ್ತದೆ. ಕರೆಂಟ್ ಅರ್ಧ ಆಗಬಹುದು. ಸಾವಿರದಲ್ಲಿ ಒಂದು ಪಾಲು ಆಗುವುದಿಲ್ಲ.

ಎರಡು ಪರೀಕ್ಷೆ ಮಾಡಿ. ಮೊದಲನೆಯದಕ್ಕೆ ಒಂದು ಸಣ್ಣ ಅಯಸ್ಕಾಂತ ಸಾಕು. ಕರೆಂಟನ್ನು ಮಿತಿಗಿಂತ ಸ್ವಲ್ಪ ಕೆಳಗೆ, ವೋಲ್ಟೇಜ್ ಸೊನ್ನೆ ಇರುವಲ್ಲಿ ನಿಲ್ಲಿಸಿ. ಹೊರಗಿಂದ ಅಯಸ್ಕಾಂತವನ್ನು ಮೆಲ್ಲಗೆ ಹತ್ತಿರ ತನ್ನಿ. ಇನ್ನೂ ಒಂದು ಗೇಣು ದೂರ ಇರುವಾಗಲೇ ಮೀಟರಿನ ಅಂಕಿ ಅಲುಗಾಡಬಹುದು. ಹತ್ತಿರ ಬಂದ ಹಾಗೆ ಮೈಕ್ರೋವೋಲ್ಟ್‌ಗಳು ಏರುತ್ತಾ ಹೋಗುತ್ತವೆ. ದೂರ ತೆಗೆದರೆ ಇಳಿಯುತ್ತವೆ, ಕೆಲವೊಮ್ಮೆ ಪೂರ್ತಿ ಇಳಿಯದೆ ಉಳಿಯುತ್ತವೆ. ಹರಳಿನ ಒಳಗಿನ ಸೂಪರ್‌ಕಂಡಕ್ಟಿಂಗ್ ಗುಣ ಕೆಲವು ಮಿಲಿಟೆಸ್ಲಾದಷ್ಟು ಸಣ್ಣ ಅಯಸ್ಕಾಂತ ಕ್ಷೇತ್ರಕ್ಕೆ ಬಗ್ಗುವಂಥದ್ದಲ್ಲ. ಅಷ್ಟಕ್ಕೇ ಬಗ್ಗಿದ್ದು ಗಡಿಗಳು. ಪ್ರತಿ ಗಡಿಯೂ ಒಂದು ದುರ್ಬಲ ಕೊಂಡಿ, ಜೋಸೆಫ್‌ಸನ್ ಸಂಧಿಯಂತೆ (ಎರಡು ಸೂಪರ್‌ಕಂಡಕ್ಟರ್‌ಗಳ ನಡುವೆ ತೆಳ್ಳನೆ ತಡೆ ಇರುವ ಜೋಡಣೆ) ವರ್ತಿಸುತ್ತದೆ.

ಎರಡನೆಯದಕ್ಕೆ ಎಸಿ ಸಸೆಪ್ಟಿಬಿಲಿಟಿ ಉಪಕರಣ ಬೇಕು. ಏರಿಳಿಯುವ ಸಣ್ಣ ಅಯಸ್ಕಾಂತ ಕ್ಷೇತ್ರವನ್ನು ಬಿಲ್ಲೆ ಎಷ್ಟು ಹೊರಗೆ ತಳ್ಳುತ್ತದೆ ಅಂತ ಅದು ಅಳೆಯುತ್ತದೆ. ಬಿಲ್ಲೆಯನ್ನು ತಂಪು ಮಾಡುತ್ತಾ ಹೋದರೆ ಎರಡು ಮೆಟ್ಟಿಲು ಕಾಣುತ್ತವೆ: 90ರ ಹತ್ತಿರ ಹರಳುಗಳದ್ದು, ಅದಕ್ಕಿಂತ ಕೆಳಗೆ ಗಡಿಗಳದ್ದು. ಅದೇ ಬಿಲ್ಲೆಯನ್ನು ನುಣ್ಣಗೆ ಪುಡಿ ಮಾಡಿ ಮತ್ತೆ ಅಳೆಯಿರಿ. ಕೆಳಗಿನ ಮೆಟ್ಟಿಲು ಮಾಯ, ಮೇಲಿನದು ಹಾಗೇ ಇದೆ.

ಗಡಿ ಇಷ್ಟು ದುರ್ಬಲ ಯಾಕೆ? ಕರೆಂಟ್ ಒಯ್ಯುವ ಎಲೆಕ್ಟ್ರಾನ್ ಜೋಡಿಗಳ ಅಳತೆ ಇಲ್ಲಿ ಬಹಳ ಸಣ್ಣದು. ತಾಮ್ರ-ಆಕ್ಸಿಜನ್ ಪದರದುದ್ದಕ್ಕೆ ಸುಮಾರು 1.5 ನ್ಯಾನೋಮೀಟರ್, ಪದರಕ್ಕೆ ಅಡ್ಡಲಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಗಡಿಯಲ್ಲಿ ಪರಮಾಣುಗಳು ಅಸ್ತವ್ಯಸ್ತವಾಗಿರುವ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಜೋಡಿಗೆ ಅದು ದೊಡ್ಡ ಕಂದಕ. ಹಳೆಯ ನಿಯೋಬಿಯಮ್-ತವರ ತಂತಿಯಲ್ಲಿ ಜೋಡಿ ಇದಕ್ಕಿಂತ ದೊಡ್ಡದು, ಗಡಿಗಳು ಅಲ್ಲಿ ಉಪಕಾರವನ್ನೇ ಮಾಡುತ್ತವೆ.

ಗಡಿಯ ಎರಡು ಕಡೆಯ ಹರಳುಗಳ ನಡುವಿನ ಕೋನವೇ ಮುಖ್ಯ ಅಂತ ಸಾಬೀತಾದದ್ದು 1988ರಲ್ಲಿ. ಐಬಿಎಂನ ಡಿಮೋಸ್, ಚೌಧರಿ, ಮನ್‌ಹಾರ್ಟ್ ಮುಂತಾದವರು ಎರಡೇ ಹರಳುಗಳನ್ನು ಬೇಕಾದ ಕೋನದಲ್ಲಿ ಜೋಡಿಸಿದ ತಳದ ಮೇಲೆ ವೈಬಿಸಿಒ ಬೆಳೆಸಿ, ಒಂದೇ ಒಂದು ಗಡಿಯನ್ನು ದಾಟುವ ಕರೆಂಟ್ ಅಳೆದರು. ಕೋನ 3-4 ಡಿಗ್ರಿ ಒಳಗಿದ್ದರೆ ತೊಂದರೆ ಇಲ್ಲ. ಆಮೇಲೆ ಪ್ರತಿ 10 ಡಿಗ್ರಿಗೆ ಕರೆಂಟ್ ಸುಮಾರು ಹತ್ತನೇ ಒಂದು ಪಾಲಿಗೆ ಕುಸಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದ ಹರಳುಗಳನ್ನು ನೆನಪಿಸಿಕೊಳ್ಳಿ. ಅಕ್ಕಪಕ್ಕದವು ಎಷ್ಟು ಓರೆಯಾಗಿದ್ದವು! ಗಡಿಯನ್ನು ಎಷ್ಟೇ ಶುದ್ಧ ಮಾಡಿದರೂ ಈ ಓರೆ ಹೋಗುವುದಿಲ್ಲ.

ಹಂತ 6: ಓರೆಯನ್ನು ನೇರ ಮಾಡುವುದು

ಹಾಗಾದರೆ ಎಳ್ಳುಂಡೆ ಬಿಟ್ಟು ಕಲ್ಲುಸಕ್ಕರೆ ಮಾಡಬೇಕು. ಬೆಲ್ ಲ್ಯಾಬ್ಸ್‌ನ ಸುಂಗ್ಹೋ ಜಿನ್ ತಂಡ ಬಲು ಬೇಗ ಈ ದಾರಿ ಹಿಡಿಯಿತು. ಬಿಲ್ಲೆಯನ್ನು ಅರ್ಧ ಕರಗಿಸಿ ನಿಧಾನ ತಣಿಸಿ, ಚದರ ಸೆಂ.ಮೀ.ಗೆ 10,000 ಆಂಪಿಯರ್ ದಾಟಿಸಿತು.

ಲ್ಯಾಬಿನಲ್ಲಿ ಹೀಗೆ ಮಾಡುತ್ತಾರೆ. ಗಾಳಿಯಲ್ಲಿ ವೈಬಿಸಿಒ 1010 ಡಿಗ್ರಿ ಆಸುಪಾಸಿನಲ್ಲಿ ಒಡೆದು, ಹಸಿರು ಬಣ್ಣದ ‘ಟು-ಒನ್-ಒನ್’ ಪುಡಿ (ಅದೇ ಮೂರು ಲೋಹಗಳು 2, 1, 1ರ ಲೆಕ್ಕದಲ್ಲಿ) ಮತ್ತು ದ್ರವ ಆಗುತ್ತದೆ. ಬಿಲ್ಲೆಯ ಮೇಲೆ ಸಮೇರಿಯಮ್ ಅಥವಾ ನಿಯೋಡಿಮಿಯಮ್ ಇರುವ ಅದೇ ಜಾತಿಯ ಪುಟ್ಟ ಹರಳನ್ನು ಇಡುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದು ಇನ್ನೂ ಜಾಸ್ತಿ ಶಾಖಕ್ಕೆ ಕರಗುವುದರಿಂದ ಗಟ್ಟಿಯಾಗಿಯೇ ಉಳಿಯುತ್ತದೆ. ಆಮೇಲೆ ಗಂಟೆಗೆ 1 ಡಿಗ್ರಿಯಷ್ಟು ನಿಧಾನಕ್ಕೆ ತಣಿಸಿದರೆ ಇಡೀ ಬಿಲ್ಲೆ ಹೆಪ್ಪಿನ ದಿಕ್ಕನ್ನೇ ಹಿಡಿದು ಒಂದೇ ಹರಳಾಗಿ ಬೆಳೆಯುತ್ತದೆ. ಅವಸರ ಮಾಡಿದರೆ ಅಂಚಿನಲ್ಲಿ ಬೇರೆ ಹರಳುಗಳು ಹುಟ್ಟಿ ಮತ್ತೆ ಗಡಿ ಬರುತ್ತದೆ.

ಗಡಿ ಹೋದ ಮೇಲೆ ಇನ್ನೊಂದು ತಡೆ ಎದುರಾಗುತ್ತದೆ. ಅಯಸ್ಕಾಂತ ಕ್ಷೇತ್ರ ಹರಳಿನೊಳಗೆ ಸಣ್ಣ ಸುಳಿಗಳಾಗಿ ನುಗ್ಗುತ್ತದೆ. ಕರೆಂಟ್ ಹರಿದಾಗ ಈ ಸುಳಿಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಸುಳಿ ಜರುಗಿದರೆ ವೋಲ್ಟೇಜ್ ಬಂತು ಅಂತಲೇ ಲೆಕ್ಕ. ಅವನ್ನು ಗೂಟ ಹೊಡೆದು ನಿಲ್ಲಿಸಬೇಕು. ಇಲ್ಲಿ ‘ಕಸ’ವೇ ಕೆಲಸಕ್ಕೆ ಬರುತ್ತದೆ. ಮೊದಲೇ ಸ್ವಲ್ಪ ಜಾಸ್ತಿ ಟು-ಒನ್-ಒನ್ ಬೆರೆಸಿ, ಅದು ದಪ್ಪ ಆಗದಂತೆ ಚೂರು ಪ್ಲಾಟಿನಮ್ ಅಥವಾ ಸೀರಿಯಮ್ ಆಕ್ಸೈಡ್ ಹಾಕಿದರೆ, ಸಣ್ಣ ಹಸಿರು ಕಣಗಳು ಹರಳಿನೊಳಗೆಲ್ಲ ಚದುರಿ ಗೂಟವಾಗುತ್ತವೆ. ಗಡಿಯಲ್ಲಿದ್ದರೆ ಗೋಡೆ, ಒಳಗಿದ್ದರೆ ಗೂಟ.

ಬಿರುಕನ್ನೂ ಮರೆಯಬಾರದು. 2003ರಲ್ಲಿ ಜಪಾನಿನ ಟೊಮಿಟಾ ಮತ್ತು ಮುರಕಾಮಿ ಇಂಥ ಬಿಲ್ಲೆಗಳ ಬಿರುಕುಗಳಿಗೆ ರಾಳ ತುಂಬಿಸಿ ಬಲಪಡಿಸಿದರು. 29 ಕೆಲ್ವಿನ್‌ನಲ್ಲಿ ಆ ಬಿಲ್ಲೆಗಳ ಜೋಡಿ 17 ಟೆಸ್ಲಾ ಮೀರಿದ ಕ್ಷೇತ್ರವನ್ನು ಹಿಡಿದಿಟ್ಟಿತು.

ಕಿಲೋಮೀಟರ್ ಉದ್ದದ ತಂತಿ ಬೇಕಾದರೆ ಒಂದೇ ಹರಳು ಬೆಳೆಸಲು ಆಗುವುದಿಲ್ಲ. ಅದಕ್ಕೆ ಲೋಹದ ಪಟ್ಟಿಯ ಮೇಲೆ, ಎಲ್ಲ ಹರಳೂ ಕೆಲವೇ ಡಿಗ್ರಿ ಒಳಗೆ ಒಂದೇ ಕಡೆ ಮುಖ ಮಾಡುವ ತೆಳು ಪದರ ಹಾಸಿ, ಅದರ ಮೇಲೆ ಮೈಕ್ರಾನ್ ದಪ್ಪದ ವೈಬಿಸಿಒ ಬೆಳೆಸುತ್ತಾರೆ. ಬಿಸ್ಮತ್ ಜಾತಿಯ ಸೂಪರ್‌ಕಂಡಕ್ಟರ್‌ನ ದಾರಿ ಬೇರೆ. ಅದರ ಹರಳು ಅಭ್ರಕದ ಹಾಗೆ ಚಪ್ಪಟೆ. ಬೆಳ್ಳಿ ಕೊಳವೆಯಲ್ಲಿ ತುಂಬಿ ಲಟ್ಟಿಸಿದರೆ ತಾವಾಗಿಯೇ ಒಂದರ ಮೇಲೊಂದು ಮಲಗುತ್ತವೆ.

ನಿಮ್ಮ ಕುಲುಮೆ 1050 ಡಿಗ್ರಿ ಮುಟ್ಟಿ, ಗಂಟೆಗೆ 1 ಡಿಗ್ರಿ ಇಳಿಯುವಂತೆ ಪ್ರೋಗ್ರಾಂ ಮಾಡಲು ಆಗುವುದಾದರೆ ಮಾತ್ರ ಆರನೇ ಹಂತಕ್ಕೆ ಕೈ ಹಾಕಿ. ಇಲ್ಲದಿದ್ದರೆ ಒಂದೇ ಪುಡಿಯಿಂದ ಮೂರು ಬಿಲ್ಲೆ ಮಾಡಿ: ಒಂದಕ್ಕೆ ಆಕ್ಸಿಜನ್ ಕಡಿಮೆ, ಒಂದಕ್ಕೆ ಶಾಖ ಜಾಸ್ತಿ, ಒಂದು ಸರಿಯಾದ ಹದದ್ದು. ಮೂರನ್ನೂ ನೋಡಿ, ಮೂರನ್ನೂ ಅಳೆದು, ಫೋಟೋ ಪಕ್ಕದಲ್ಲೇ ಅಂಕಿ ಬರೆದಿಡಿ.

ಅಳೆದಾದ ಮೇಲೆ ಕಡ್ಡಿಯನ್ನು ಸಾರಜನಕದಿಂದ ತೆಗೆದು ಹಾಗೇ ಮೇಜಿನ ಮೇಲೆ ಬಿಡಬೇಡಿ. ನಿಮಿಷದಲ್ಲಿ ಅದರ ಮೇಲೆ ಹಿಮ ಕಟ್ಟಿ ನೀರಾಗುತ್ತದೆ. ಹೇರ್ ಡ್ರೈಯರ್‌ನ ಬೆಚ್ಚನೆಯ ಗಾಳಿ ಹಿಡಿದು ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ. ಸಿಲಿಕಾ ಜೆಲ್ ಬಣ್ಣ ಬದಲಾಗಿದೆಯೇ ಅಂತ ವಾರಕ್ಕೊಮ್ಮೆ ನೋಡುತ್ತಿರಿ.